ಐದು ಗೆರೆಯ ಮೇಲೆ ಚಟ್ಲಿ ಹಾಡು

ಸಂಗೀತ ಶಿಕ್ಷಕಿಯಾಗಿ ನೇಮಕವಾದ ದಿನ ನಾನು ಮಾಡಿದ ಮೊದಲ ತಪ್ಪೆಂದರೆ, ಶಾಲೆಯಲ್ಲಿ ಸಂಗೀತ ಕಲಿಸಬೇಕಾಗುತ್ತದೆ ಎಂದು ನಂಬಿದ್ದು. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ಆಗಾಗ ಮನೆಗೆ ಬಂದು, "ಟೀಚರ್, ಎಂತೆಲ್ಲ ತಯಾರಿ ಮಾಡ್ಕಣ್ಕ್?" ಎಂದು ಕೇಳುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು: ಗಣಿತದ ಮಾಷ್ಟ್ರು ರಜೆ ಹಾಕಿದ ದಿನ ಅವರ ತರಗತಿ ನಿಮ್ಮದು, ಪರೀಕ್ಷೆ ಹತ್ತಿರ ಬಂದಾಗ ನಿಮ್ಮ ತರಗತಿ ಗಣಿತದ ಮಾಷ್ಟ್ರದ್ದು. ಅತಿಥಿ ಬಂದರೆ ಸ್ವಾಗತಗೀತೆ, ತಡಮಾಡಿದರೆ ಇನ್ನೂ ಎರಡು ಗೀತೆ, ಬಾರದೇ ಹೋದರೆ ಮಕ್ಕಳನ್ನು ಸಾಲುಕಟ್ಟಿ ಮನೆಗೆ ಕಳಿಸುವ ಕೆಲಸ. ಇವೆಲ್ಲ ಮುಗಿದು ಗಂಟೆ ಹೊಡೆಯಲು ಐದು ನಿಮಿಷ ಉಳಿದಿದ್ದರೆ ಸರಿಗಮ.

ಬೈಂದೂರಿನ ಕಡೆ ಶುರುಮಾಡಿ, ಬ್ರಹ್ಮಾವರದ ಕಡೆ ಕೆಲವು ವರ್ಷ ಇದ್ದು, ಕೊನೆಗೆ ಕುಂದಾಪುರದ ಒಂದು ಪ್ರೌಢಶಾಲೆಯಲ್ಲಿ ನಿವೃತ್ತಳಾದವಳು ನಾನು. ಬಡ್ತಿಯ ಮಾತು ಬಿಡಿ. ನಮ್ಮ ಹುದ್ದೆಗೆ ಮೇಲಿನ ಸ್ಥಾಯಿ ಇಲ್ಲ.

ಹಳೆಯ ಕ್ರಮವೇ ಚಿನ್ನದಂತಿತ್ತು ಎಂದು ನಾನು ಹೇಳುವವಳಲ್ಲ. ಆಗ ಹಾಡಿನ ಸ್ವರಗಳನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಮಕ್ಕಳು ನೋಡಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಅಕ್ಷರದ ಮೇಲೆ ಚುಕ್ಕಿ ಇಟ್ಟರೆ ಎತ್ತರದ ಸ್ವರ, ಕೆಳಗೆ ಇಟ್ಟರೆ ತಗ್ಗಿನ ಸ್ವರ. ಬೈಂದೂರಿನ ಶಾಲೆಯಲ್ಲಿ ಒಂದು ಹುಡುಗಿ ಪ್ರಾರ್ಥನೆಯ ಮೂರನೆಯ ಸಾಲಿಗೆ ಬಂದಾಗಲೆಲ್ಲ ಚೇಳು ಕಡಿದವಳಂತೆ ಕೂಗುತ್ತಿದ್ದಳು. ಒಂದು ವಾರ ಸಹಿಸಿ, ಕೊನೆಗೆ ಕೇಳಿದೆ, "ಅಲ್ಲಿ ಎಂತಕ್ಕೆ ಕೂಗುದ್ ಹೆಣೆ?"

"ಚುಕ್ಕಿ ಇತ್ತ್ ಟೀಚರ್," ಎಂದು ಪುಸ್ತಕ ತೋರಿಸಿದಳು. ಚುಕ್ಕಿ ಇತ್ತು, ನಿಜ. ಇಟ್ಟದ್ದು ಮಾತ್ರ ನೊಣ. ಕಾಗದವನ್ನು ನಂಬಿ ಕಿವಿಯನ್ನು ಮರೆಯುವ ರೋಗ ಗಣಕಯಂತ್ರಕ್ಕಿಂತ ಮೊದಲೇ ನಮ್ಮಲ್ಲಿತ್ತು ಎನ್ನುವುದಕ್ಕೆ ಇದನ್ನು ಹೇಳಿದೆ.

ನನ್ನ ಕೊನೆಯ ಕೆಲವು ವರ್ಷಗಳಲ್ಲಿ ಆ ರೋಗಕ್ಕೆ ಸರಕಾರಿ ಆದೇಶ ಬಂತು. ಸಂಗೀತ ಶಿಕ್ಷಕರೆಲ್ಲ ಬ್ರಹ್ಮಾವರದಲ್ಲಿ ಎರಡು ದಿನದ ತರಬೇತಿಗೆ ಹಾಜರಾಗಬೇಕು; ಅಂತರಜಾಲದ ಒಂದು ಉಚಿತ ತಾಣದಲ್ಲಿ ಹಾಡುಗಳ ಸ್ವರಲಿಪಿ ಬರೆಯಲು ಕಲಿಯಬೇಕು; ಕಲಿತದ್ದಕ್ಕೆ ಫೋಟೊ ಕಳಿಸಬೇಕು. ಹೋದೆವು. ಗಣಕಯಂತ್ರದ ಕೋಣೆಯಲ್ಲಿ ಇಪ್ಪತ್ತು ಯಂತ್ರಗಳಿದ್ದವು, ಅವುಗಳಲ್ಲಿ ಆರಕ್ಕೆ ಜೀವವಿತ್ತು, ಆ ಆರರಲ್ಲಿ ನಾಲ್ಕಕ್ಕೆ ಮೌಸ್ ಇತ್ತು. ನಮ್ಮ ಪೈಕಿ ಹಾಡಲು ಬರುವವರು ಹಲವರಿದ್ದರು, ಮೌಸ್ ಹಿಡಿಯಲು ಬರುವವರು ಇಬ್ಬರು.

ತರಬೇತುದಾರ ಘಟ್ಟದ ಮೇಲಿನಿಂದ ಬಂದ ತರುಣ. ವಿನಯವಂತ, ಚುರುಕು, ಕೊರಳಿಗೆ ಹಾರದಂತೆ ಹೆಡ್‌ಫೋನು. "ಮೇಡಂ, ಇದು ಪೂರ್ತಿ ಫ್ರೀ," ಎಂದು ಶುರುಮಾಡಿದ. ಆ ಮಾತು ಕೇಳಿಯೇ ಇಲಾಖೆ ಇದನ್ನು ಆರಿಸಿಕೊಂಡದ್ದೆಂದು ನಮಗೆ ತಿಳಿಯಿತು. ಪರದೆಯ ಮೇಲೆ ಐದು ಗೆರೆ ಬಂದವು. ಒಂದೊಂದು ಸಲ ಒತ್ತಿದಾಗಲೂ ಗೆರೆಯ ಮೇಲೆ ಬಾಲವಿರುವ ಒಂದು ಗೊದಮೊಟ್ಟೆ ಕೂತಿತು. ಮತ್ತೊಂದು ಗುಂಡಿ ಒತ್ತಿದರೆ ಯಂತ್ರ ಆ ಗೊದಮೊಟ್ಟೆಗಳನ್ನು ಪಿಯಾನೊ ದನಿಯಲ್ಲಿ ನುಡಿಸಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ತಟ್ಟಲು ತರಬೇತಿ ಬೇಕಿರಲಿಲ್ಲ.

ನಾನು ಎದ್ದು ನಿಂತು, "ಗಮಕ ಹೇಗೆ ಬರೆಯುವುದು?" ಎಂದು ಕೇಳಿದೆ. ಸ್ವರವನ್ನು ಜೋಕಾಲಿಯಂತೆ ತೂಗಿ ಹಾಡುವುದಕ್ಕೆ ಗಮಕ ಎನ್ನುತ್ತೇವೆ. ಅದಿಲ್ಲದಿದ್ದರೆ ನಮ್ಮ ರಾಗಗಳೆಲ್ಲ ಬಸ್ಸಿನ ಹಾರನ್ನು.

"ಅದಕ್ಕೆ ಸಿಂಬಲ್ ಇದೆ ಮೇಡಂ," ಎಂದ. ತೋಡಿ ರಾಗದ ಗಾಂಧಾರದ ಮೇಲೆ ಅಂಕುಡೊಂಕಿನ ಒಂದು ಗೆರೆ ಇಟ್ಟು ಗುಂಡಿ ಒತ್ತಿದ. ಮೇಜಿನ ಮೇಲಿಟ್ಟ ಮೊಬೈಲಿಗೆ ಕರೆ ಬಂದಂತೆ ಗರ್‌ರೆಂದಿತು. ಹಿಂದಿನ ಸಾಲಿನಲ್ಲಿದ್ದ ಒಬ್ಬರು ನಿಜವಾಗಿಯೂ ತಮ್ಮ ಚೀಲಕ್ಕೆ ಕೈಹಾಕಿದರು.

"ಏಳು ಎಣಿಕೆಯ ತಾಳ?" ಎಂದು ನಾನು ಬಿಡದೆ ಕೇಳಿದೆ.

"ಏಳು ಯಾಕೆ ಮೇಡಂ ತೊಂದರೆ? ಎಂಟು ಮಾಡಿ. ಒಂದು ಖಾಲಿ ಬಿಡಿ."

ನಾನು ನಕ್ಕೆ. ಮುಂದೊಂದು ದಿನ ಅದನ್ನೇ, ಅದಕ್ಕಿಂತ ಕೆಟ್ಟದಾಗಿ, ನಾನೇ ಮಾಡಲಿದ್ದೇನೆ ಎಂದು ಆಗ ಯಾರಾದರೂ ಹೇಳಿದ್ದರೆ ಅವರ ಜೊತೆ ಮಾತು ಬಿಡುತ್ತಿದ್ದೆ.

ನಮ್ಮ ಶಾಲೆಯ ಹೆಡ್ಮಾಷ್ಟ್ರು ಜಯಕರ ಶೆಟ್ರು. ಮನುಷ್ಯ ಒಳ್ಳೆಯವರು, ಸಂಗೀತವೆಂದರೆ ಭಯಭಕ್ತಿ, ಅದರಲ್ಲಿ ಭಯವೇ ಹೆಚ್ಚು. ತರಬೇತಿಯಿಂದ ಬಂದ ಮರುದಿನವೇ ನನ್ನನ್ನು ಕರೆದರು.

"ಟೀಚರೆ, ಆ ಗೆರಿ-ಗಿರಿ ಎಲ್ಲ ದೊಡ್ಡ್ ಪರದಿ ಮೇಲ್ ಕಾಂಬ ಹಾಂಗ್ ಇಡಿ. ಮಕ್ಳ್ ಎದ್ರಿಗ್ ಕೂಕಣ್ಲಿ. ಒಂದ್ ನಾಕ್ ಫೋಟೊ ತೆಗ್ದ್ ಕಳ್ಸುವ."

"ಸರ್, ಮಕ್ಕಳಿಗೆ ಇನ್ನೂ ಆ ಹಾಡು ಸರಿಯಾಗಿ ಬಂದಿಲ್ಲ."

"ಬಾರ್ದಿದ್ರ್ ಎಂತ ಆಯ್ತ್? ಫೋಟೊದಗೆ ಕೇಣ್ತಿಲ್ಲ ಅಲ್ದಾ?"

ನನ್ನ ಇಡೀ ವೃತ್ತಿಯಲ್ಲಿ ಮೇಲಧಿಕಾರಿಯೊಬ್ಬರು ಸಂಗೀತದ ಬಗ್ಗೆ ಹೇಳಿದ ಅತ್ಯಂತ ಪ್ರಾಮಾಣಿಕ ಮಾತು ಇದು.

ಆ ವರ್ಷವೇ ಒಬ್ಬ ದೊಡ್ಡ ಅತಿಥಿ ಶಾಲೆಗೆ ಬಂದರು. ಸ್ವಾಗತಗೀತೆಗೆ ಹಾರ್ಮೋನಿಯಂ ಬೇಡ, ಯಂತ್ರದಲ್ಲಿಯೇ ಹಿಮ್ಮೇಳ ಹಾಕಬೇಕು ಎಂದು ಶೆಟ್ರ ಆಸೆ. ನಾನೂ ಉಬ್ಬಿದ್ದೆ. ಹಾಡನ್ನು ಲಿಪಿಗೆ ಇಳಿಸಿ, ಪಿಯಾನೊ ಬೇಡವೆಂದು ಕೊಳಲಿನ ದನಿ ಆರಿಸಿ, ಶ್ರುತಿಯನ್ನು ಮಕ್ಕಳ ಗಂಟಲಿಗೆ ತಕ್ಕಂತೆ ಇಳಿಸಲು ಬಾಣದ ಗುರುತು ಒತ್ತಿದೆ. ಬಾಣ ಮೇಲೆ ನೋಡುತ್ತಿತ್ತೋ ಕೆಳಗೋ ಎಂದು ನೋಡಲು ಕನ್ನಡಕ ಹಾಕಿಕೊಂಡಿರಲಿಲ್ಲ. ಅತಿಥಿ ವೇದಿಕೆ ಹತ್ತಿದರು. ಧ್ವನಿವರ್ಧಕದಲ್ಲಿ ಕೊಳಲು ಹೊರಟಿತು. ಎಂದಿನದಕ್ಕಿಂತ ಹಾರ್ಮೋನಿಯಂನ ಐದಾರು ಮನೆ ಮೇಲೆ ಹೊರಟಿತು. ಮಕ್ಕಳು ಪಾಪ, ಹೇಳಿದಂತೆ ಕೇಳುವ ಮಕ್ಕಳು. ಪಲ್ಲವಿಯಲ್ಲಿ ಹಿಮ್ಮಡಿ ಎತ್ತಿದರು, ಚರಣದಲ್ಲಿ ಕೊರಳ ನರ ಉಬ್ಬಿತು, "ಸುಸ್ವಾಗತ" ಎನ್ನುವಲ್ಲಿ ಹೊರಗಿನ ಗಾಳಿಮರದಿಂದ ಕಾಗೆಗಳು ಎದ್ದು ಹೋದವು. ನಾನು ನಿಲ್ಲಿಸುವ ಗುಂಡಿ ಹುಡುಕುತ್ತಾ ಅದನ್ನು ಇನ್ನೊಮ್ಮೆ ಮೊದಲಿನಿಂದ ನುಡಿಸಿದೆ.

ಅತಿಥಿ ತಮ್ಮ ಭಾಷಣದಲ್ಲಿ, "ಈ ಶಾಲೆಯ ಮಕ್ಕಳಲ್ಲಿ ವಿಶೇಷವಾದ ಉತ್ಸಾಹವಿದೆ," ಎಂದರು. ಶೆಟ್ರು ಅದನ್ನು ವರದಿಯಲ್ಲಿ ಬರೆದರು.

ಎದೆಯ ಮೇಲೆ ಕೈಯಿಟ್ಟು ಹೇಳುವುದಾದರೆ ಆ ತಾಣದಿಂದ ಉಪಕಾರವೂ ಆಗಿದೆ. ಸ್ವರ ಏರುವುದು ಇಳಿಯುವುದು ಎಂದರೇನೆಂದು ತಿಳಿಯದೆ ಒಂದೇ ಮಟ್ಟದಲ್ಲಿ ಹಾಡುತ್ತಿದ್ದ ಮಕ್ಕಳು, ಗೊದಮೊಟ್ಟೆಗಳು ಗೆರೆ ಹತ್ತಿ ಇಳಿಯುವುದನ್ನು ಕಣ್ಣಾರೆ ಕಂಡು ಗಂಟಲನ್ನು ಹತ್ತಿಸಲು ಇಳಿಸಲು ಕಲಿತರು. ಶಾಲೆ ತಪ್ಪಿಸಿಕೊಂಡ ದಿನದ ಪಾಠವನ್ನು ಮನೆಯ ಮೊಬೈಲಿನಲ್ಲಿ ಕೇಳಿಕೊಂಡು ಬರುತ್ತಿದ್ದರು. ನಾನು ಹಾರ್ಮೋನಿಯಂನಲ್ಲಿ ಹನ್ನೆರಡು ಸಲ ನುಡಿಸಿ ಸಿಟ್ಟಾಗುತ್ತಿದ್ದೆ. ಯಂತ್ರ ನೂರು ಸಲ ನುಡಿಸಿದರೂ ಸಿಟ್ಟಾಗುತ್ತಿರಲಿಲ್ಲ. ನನಗಿಂತ ಒಳ್ಳೆಯ ಗುಣ ಅದು ಎಂದು ಒಪ್ಪಿಕೊಂಡಿದ್ದೇನೆ. ಹಾಗೆ ಒಪ್ಪಿಕೊಂಡದ್ದೇ ಮುಂದಿನದಕ್ಕೆ ದಾರಿಯಾಯಿತು.

ನಿವೃತ್ತಿಗೆ ಎರಡು ವರ್ಷವಿರುವಾಗ ಒಂದು ಸ್ಪರ್ಧೆಯ ಸುತ್ತೋಲೆ ಬಂತು. ಊರಿನ ಹಾಡೊಂದನ್ನು ಸಂಗ್ರಹಿಸಿ, ಆ ಉಚಿತ ತಾಣದಲ್ಲಿ ಲಿಪಿ ಬರೆದು ಕಳಿಸಬೇಕು. ಬೈಂದೂರಿನಲ್ಲಿ ಒಬ್ಬ ವಿದ್ಯಾರ್ಥಿ ಆ ಲಿಪಿಯ ಪ್ರಕಾರ ಹಾಡಬೇಕು. ಹಿಂದೆ ಪರದೆಯ ಮೇಲೆ ಲಿಪಿ ಓಡುತ್ತಿರಬೇಕು. ಹೆಚ್ಚಿನ ಅಂಕ ಲಿಪಿಯ ಶುದ್ಧತೆಗೆ.

ಒಂಬತ್ತನೆಯ ತರಗತಿಯ ಪ್ರತೀಕ್ಷಾ ಕುಂದಾಪುರದ ಕಡಲಂಚಿನ ಕೋಡಿಯ ಹುಡುಗಿ. ದನಿ ತುಸು ಗೊಗ್ಗರು; ಅದುವರೆಗೆ ಯಾವ ಸ್ಪರ್ಧೆಗೂ ನಾನು ಅವಳನ್ನು ಆರಿಸಿರಲಿಲ್ಲ. ಅವಳು ಮೊಬೈಲಿನಲ್ಲಿ ತನ್ನ ಅಮ್ಮಮ್ಮನ ಹಾಡನ್ನು ಹಿಡಿದು ತಂದಳು. ಅಮ್ಮಮ್ಮನ ಹೆಸರು ಸೀತು. ಪ್ರಾಯದಲ್ಲಿ ಮೀನು ಶೆಡ್ಡಿನಲ್ಲಿ ಚಟ್ಲಿ, ಅಂದರೆ ಸಿಗಡಿ, ಸುಲಿಯುವ ಕೆಲಸ ಮಾಡಿದ ಹೆಂಗಸು. ಸುಲಿಯುತ್ತ ಕೂತ ಹೆಂಗಸರು ಹಾಡಿಕೊಳ್ಳುತ್ತಿದ್ದ ಹಾಡು ಅದು.

*ಮೀಸಿ ಇತ್ತಲೆ ಚಟ್ಲಣ್ಣ…*
*ತಲಿ ಎಲ್ ಬಿಟ್ ಬಂದೆ?*

ಕೇಳಿ ಬಿದ್ದುಬಿದ್ದು ನಕ್ಕೆ. ನನ್ನ ವೃತ್ತಿಯಲ್ಲಿ ಕಂಡ ಎಷ್ಟೋ ಅಧಿಕಾರಿಗಳಿಗೆ ಇದನ್ನು ಸ್ವಾಗತಗೀತೆಯಾಗಿ ಹಾಡಿಸಬಹುದಿತ್ತು. ಸಾಲು ಒಂದೊಂದೂ ಯಾರಿಗಾದರೂ ಒಂದು ಚುಚ್ಚು: ಬೋಟಿನ ಯಜಮಾನನಿಗೆ, ಕುಡಿಯುವ ಗಂಡನಿಗೆ, ಬಣ್ಣ ಬಳಿದುಕೊಂಡ ಅತ್ತಿಗೆಗೆ. ರಾಗ ಸುಲಭ, ನಾಲ್ಕೇ ಸ್ವರ. ಒಂದು ಮಧ್ಯಾಹ್ನದಲ್ಲಿ ಮುಗಿಸಿಬಿಡಬಹುದು ಎಂದುಕೊಂಡೆ.

ಮುಗಿಯಲಿಲ್ಲ. "ಚಟ್ಲಣ್ಣ" ಎಂದ ಮೇಲೆ ಅಮ್ಮಮ್ಮ ನಿಂತುಬಿಡುತ್ತಿದ್ದರು. ಎಷ್ಟು ಹೊತ್ತು ಎಂಬುದಕ್ಕೆ ಲೆಕ್ಕವಿಲ್ಲ. ಪ್ರತೀಕ್ಷಾ ತಾಳ ಹಾಕುತ್ತ ಎಣಿಸಿದಳು: ಮೊದಲ ಸಲ ಮೂರು, ಎರಡನೆಯ ಸಲ ಐದೂವರೆ, ಆಮೇಲೆ ಎರಡು. ಯಂತ್ರಕ್ಕೆ ಇದು ಹಿಡಿಸುವುದಿಲ್ಲ. ಅದು ಹಾಡನ್ನು ನಾಲ್ಕು ನಾಲ್ಕು ಎಣಿಕೆಯ ಗೂಡುಗಳಾಗಿ ಕತ್ತರಿಸುತ್ತದೆ. ಗೂಡು ತುಂಬದಿದ್ದರೆ ತಾನೇ ಖಾಲಿಯ ಗುರುತು ತುರುಕುತ್ತದೆ, ಹೆಚ್ಚಾದರೆ ಸ್ವರವನ್ನು ಸೀಳಿ ಪಕ್ಕದ ಗೂಡಿಗೆ ತಳ್ಳುತ್ತದೆ. ಮೂರು ದಿನ ಒದ್ದಾಡಿದೆವು. ಪರದೆಯ ತುಂಬ ಖಾಲಿಯ ಗುರುತುಗಳು ಒಣಹಾಕಿದ ಮೀನಿನಂತೆ ಬಿದ್ದಿದ್ದವು.

ಕೊನೆಗೆ ನಾನು ಹೇಳಿದೆ, "ಈ ನಿಲ್ಲುದ್ ತೆಗ್ದ್ ಬಿಡುವ ಹೆಣೆ. ಸೀದ ನಾಕ್ ಎಣ್ಕಿಗ್ ಹಾಡು."

"ಅಮ್ಮಮ್ಮ ಎಲ್ಲ ಸರ್ತಿಯೂ ನಿಲ್ತ್ರ್ ಟೀಚರ್."

"ಪ್ರಾಯ ಆಯ್ತಲ್ದಾ, ಉಸ್ರ್ ಸಾಲುದಿಲ್ಲ. ಅದ್ನೂ ಬರಿಯುಕಾತ್ತಾ?"

ಹುಡುಗಿ ಖಾಲಿಯ ಗುರುತುಗಳನ್ನು ಒಂದೊಂದಾಗಿ ಅಳಿಸಿದಳು. ಹಾಡು ಕಟ್ಟಿದವರ ಹೆಸರು ಬರೆಯುವ ಜಾಗ ಖಾಲಿ ಬಿಡಬಾರದೆಂದು ನಿಯಮವಿತ್ತು. ಯಾರು ಕಟ್ಟಿದ್ದೆಂದು ಯಾರಿಗೆ ಗೊತ್ತು? ಸದ್ಯಕ್ಕೆ ಇರಲಿ ಎಂದು "ವಾರಿಜಾ" ಎಂದು ಟೈಪು ಮಾಡಿದೆ. ಅದು ನನ್ನ ಹೆಸರು. ಸದ್ಯಕ್ಕೆ ಎಂದು ಬರೆದದ್ದನ್ನು ತಿದ್ದಿದ ಸರಕಾರಿ ನೌಕರರನ್ನು ನಾನು ಇನ್ನೂ ಕಂಡಿಲ್ಲ. ಆ ಪಟ್ಟಿಗೆ ನಾನೂ ಸೇರಿದೆ.

ಮರುದಿನ ಪ್ರತೀಕ್ಷಾ ಲಿಪಿಯನ್ನು ಮೊಬೈಲಿನಲ್ಲಿ ಮನೆಗೆ ಒಯ್ದು ಅಮ್ಮಮ್ಮನಿಗೆ ಕೇಳಿಸಿದಳಂತೆ. "ಎಂತ ಹೇಳ್ರ್?" ಎಂದು ಕೇಳಿದೆ.

"ಇದ್ ಯಾವ್ ಆಸ್ಪತ್ರಿ ಮಿಷನ್ ಮಗಾ ಅಂದ್ರ್."

ಅದಕ್ಕೂ ನಕ್ಕೆ. ನಗು ನನಗೆ ಸುಲಭವಾಗಿ ಬರುತ್ತದೆ, ಯಾವಾಗ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ.

ಬೈಂದೂರಿನ ಸ್ಪರ್ಧೆಗೆ ಸೀತಮ್ಮ ಸ್ವತಃ ಬಂದರು. ಇಸ್ತ್ರಿ ಸೀರೆ, ತಲೆಗೆ ಅಬ್ಬಲಿಗೆ ಹೂವು, ಮುಂದಿನ ಸಾಲಿನಲ್ಲಿ ಕೂತಿದ್ದರು. ಪ್ರತೀಕ್ಷಾ ಹಾಡಿದಳು. ಪರದೆಯ ಮೇಲೆ ಗೊದಮೊಟ್ಟೆಗಳು ಓಡುತ್ತಿದ್ದವು, ಅವಳು ಅವುಗಳ ಹಿಂದೆ ಓಡುತ್ತಿದ್ದಳು. ಒಂದು ಎಣಿಕೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಚುಚ್ಚುವ ಸಾಲುಗಳೆಲ್ಲ ಮಗ್ಗಿ ಹೇಳಿದಂತೆ ಬಂದು ಹೋದವು, ಸಭೆಯಲ್ಲಿ ಯಾರೂ ನಗಲಿಲ್ಲ. ಇದನ್ನು ನಾನು ಗಮನಿಸಿದೆ. ಗಮನಿಸಿ, ಜನ ಗಂಭೀರವಾಗಿ ಕೇಳುತ್ತಿದ್ದಾರೆ ಎಂದು ಅರ್ಥ ಮಾಡಿಕೊಂಡೆ.

ಮೊದಲ ಬಹುಮಾನ ಬಂತು. "ಜಾನಪದದಲ್ಲಿ ಇಷ್ಟೊಂದು ಶಿಸ್ತನ್ನು ನಾವು ಕಂಡಿರಲಿಲ್ಲ," ಎಂದು ತೀರ್ಪುಗಾರರು ಹೊಗಳಿದರು. ಪ್ರತೀಕ್ಷಾಳಿಗೊಂದು ಪದಕ, ನನಗೊಂದು ಪದಕ. ಶೆಟ್ರು ನಮ್ಮಿಬ್ಬರ ನಡುವೆ ನಿಂತು ಫೋಟೊ ತೆಗೆಸಿಕೊಂಡರು.

ನಾನು ಪದಕ ಹಾಕಿಕೊಂಡೇ ಸೀತಮ್ಮನ ಬಳಿಗೆ ಹೋದೆ. "ಹ್ಯಾಂಗಾಯ್ತ್ ಅಮ್ಮ?"

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಲಾಯ್ಕ್ ಆಯ್ತ್ ಟೀಚರೆ, ಹೆಣ್ಣ್ ಒಂಚೂರೂ ಹೆದರ್ಲಿಲ್ಲ," ಎಂದರು. ಆಮೇಲೆ ಸಂಕೋಚದಿಂದ, "ಅದ್ ಯಾರ್ ಹಾಡ್?"

ಕುಹಕವೋ ಎಂದು ಅವರ ಮುಖ ನೋಡಿದೆ. ಕುಹಕ ಇರಲಿಲ್ಲ. ಆ ಓಟದಲ್ಲಿ ಮಾತುಗಳೂ ಕಿವಿಗೆ ಹತ್ತದೆ ಅವರಿಗೆ ನಿಜವಾಗಿಯೂ ಗುರುತು ಸಿಕ್ಕಿರಲಿಲ್ಲ. ಮೊಮ್ಮಗಳು ತನ್ನ ಹಾಡು ಹಾಡುತ್ತಾಳೆಂದು ಬಸ್ಸು ಹತ್ತಿ ಬಂದವರು, ಅದು ಇನ್ನೂ ಬಂದಿಲ್ಲವೆಂದು ಕೊನೆಯ ತನಕ ಕಾದಿದ್ದರು. ಪಕ್ಕದಲ್ಲಿದ್ದ ಪ್ರತೀಕ್ಷಾ ಅದನ್ನು ಕೇಳಿಸಿಕೊಂಡಳು. ಪದಕವನ್ನು ಕೊರಳಿನಿಂದ ತೆಗೆದು ಚೀಲದಲ್ಲಿ ಹಾಕಿದಳು. ಕುಂದಾಪುರದ ತನಕ ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಅವಳು ಜಗಳ ಮಾಡಲಿಲ್ಲ. ಮಾಡಿದ್ದರೆ ಗದರಿಸಿ ಸರಿಮಾಡಿಬಿಡುತ್ತಿದ್ದೆ. ತರಗತಿಗೆ ಬರುತ್ತಿದ್ದಳು, ಎಲ್ಲರ ಜೊತೆ ಬಾಯಿ ಆಡಿಸುತ್ತಿದ್ದಳು, ದನಿ ಬರುತ್ತಿರಲಿಲ್ಲ. ಮುಂದಿನ ವರ್ಷ ಇನ್ನೊಂದು ಸ್ಪರ್ಧೆಗೆ ಕರೆದಾಗ, "ನಂಗ್ ಎಣ್ಸುಕೆ ಬತ್ತಿಲ್ಲ ಟೀಚರ್," ಎಂದಳು. ಹತ್ತನೆಯ ತರಗತಿ ಮುಗಿಸಿ ಹೋಗುವಾಗ ಎಲ್ಲ ಶಿಕ್ಷಕರಿಗೂ ನಮಸ್ಕರಿಸಿದಳು, ನನಗೂ. ಅಷ್ಟೇ.

ಹೊಸ ಟೀಚರುಗಳೇ, ಮಕ್ಕಳು ಅಳುವುದಕ್ಕೆ ಹೆದರಬೇಡಿ. ತುಟಿ ಮಾತ್ರ ಆಡಿಸುವ ಮಗು ತರಗತಿಯಲ್ಲಿದ್ದರೆ ಹೆದರಿ.

ಈ ನಡುವೆ ಇಲಾಖೆಯವರು ನಮ್ಮ ಲಿಪಿಯನ್ನು ಮಾದರಿ ಎಂದು ಎಲ್ಲ ಶಾಲೆಗಳಿಗೂ ಕಳಿಸಿದರು. ಉಚಿತ ತಾಣ, ಯಾರು ಬೇಕಾದರೂ ತೆರೆದು ನುಡಿಸಬಹುದು. ನಾನು ನಿವೃತ್ತಳಾದೆ. ಭಾಷಣಗಳಲ್ಲಿ ಆ ಪದಕದ ಮಾತೇ ಹೆಚ್ಚಾಗಿತ್ತು.

ನಿವೃತ್ತಿಯ ಮರುವರ್ಷ ಪಕ್ಕದ ಮನೆಯವರು ತಮ್ಮ ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದುಕೊಂಡು ಹೋದರು. ಬ್ರಹ್ಮಾವರದ ಕಡೆಯ ಶಾಲೆ. ನನ್ನ ಪರಿಚಯದವರು ಯಾರೂ ಇರಲಿಲ್ಲ. ಮೂವತ್ತು ಮಕ್ಕಳು ಒಂದೇ ಬಣ್ಣದ ಬಟ್ಟೆ ತೊಟ್ಟು ವೇದಿಕೆಯ ಮೇಲೆ ನಿಂತು ಹಾಡಿದರು: "ಮೀಸೆ ಇದೆಯಲ್ಲ ಸಿಗಡಿಯಣ್ಣ, ತಲೆಯನ್ನೆಲ್ಲಿ ಬಿಟ್ಟು ಬಂದೆ." ಭಾಷೆಯನ್ನೂ ಯಾರೋ ತೊಳೆದು ಇಸ್ತ್ರಿ ಮಾಡಿದ್ದರು. ನಾಲ್ಕು ಎಣಿಕೆ, ನಾಲ್ಕು ಎಣಿಕೆ, ನಾಲ್ಕು ಎಣಿಕೆ. ಶಾಲೆಯ ಪಥಸಂಚಲನದಂತೆ ಸಿಗಡಿಗಳು ಸಾಗಿಹೋದವು.

ತಡೆಯಲಾಗದೆ ಅಲ್ಲಿಯ ಸಂಗೀತ ಟೀಚರನ್ನು ಹುಡುಕಿ ಮಾತಾಡಿಸಿದೆ. ಸಣ್ಣ ಪ್ರಾಯದ, ಉತ್ಸಾಹದ ಹುಡುಗಿ. "ಮೊದಲ ಸಾಲಾದ ಮೇಲೆ ಅಲ್ಲಿ ಸ್ವಲ್ಪ ನಿಲ್ಲಬೇಕಲ್ಲವೆ?" ಎಂದೆ.

"ಇಲ್ಲ ಅಮ್ಮ, ಒರಿಜಿನಲ್ ಹೀಂಗೇ ಇಪ್ಪುದ್," ಎಂದು ಮೊಬೈಲು ತೆಗೆದು ತೋರಿಸಿದಳು. "ಕಾಣಿ, ಕಟ್ಟಿದೋರ್ ಹೆಸ್ರೂ ಇತ್ತ್. ವಾರಿಜಾ ಅಂತ. ಹಳೇ ಕಾಲದ್ ಹೆಂಗ್ಸ್ ಆಯಿರ್ಕ್. ಈಗ್ ಇಲ್ಲ ಅಂತ ಕಾಣ್ತ್."

"ಇರಲಿಕ್ಕಿಲ್ಲ," ಎಂದೆ ನಾನು.

ಎದುರಿಗೆ ನಿಂತು ನನ್ನ ಮರಣವನ್ನು ನಾನೇ ಒಪ್ಪಿಕೊಂಡು ಬಂದೆ. ಮುಂದಿನ ಶನಿವಾರ ಮಧ್ಯಾಹ್ನ ಕೋಡಿಗೆ ಹೋದೆ.

ಪ್ರತೀಕ್ಷಾ ಮನೆಯಲ್ಲಿದ್ದಳು, ಆಗ ಪಿಯುಸಿ ಓದುತ್ತಿದ್ದಳು. ನನ್ನನ್ನು ಕಂಡು ಕುರ್ಚಿ ತಂದಿಟ್ಟಳು, ನೀರು ಕೊಟ್ಟಳು, ಮಾತು ಕೊಡಲಿಲ್ಲ. ನಾನೇ ಶುರುಮಾಡಿದೆ. ಬ್ರಹ್ಮಾವರದಲ್ಲಿ ಕೇಳಿದ್ದನ್ನು, ಟೀಚರು ಹೇಳಿದ್ದನ್ನು ಹೇಳಿದೆ. "ನಿನ್ನ ಅಮ್ಮಮ್ಮನ ಹಾಡನ್ನು ಹಾಳುಮಾಡಿದ್ದು ನಾನು. ಅದರ ಮೇಲೆ ನನ್ನ ಹೆಸರೂ ಬರೆದೆ. ಆ ಮಿಷನಿನಲ್ಲಿ ನಿಲ್ಲುವುದನ್ನು ಬರೆಯಲಿಕ್ಕೆ ಆಗಲಿಲ್ಲ, ಅದಕ್ಕೆ…"

"ಆತ್ತ್ ಟೀಚರ್, ಬರಿಯುಕಾತ್ತ್," ಎಂದಳು ಪ್ರತೀಕ್ಷಾ.

"ಎಂತ?"

ಒಳಗಿನಿಂದ ಮೊಬೈಲು ತಂದು ಅದೇ ತಾಣ ತೆರೆದಳು. ಪಕ್ಕದಲ್ಲಿ ಒಂದು ಪಟ್ಟಿ ಎಳೆದಳು. ಆ ಪಟ್ಟಿಯನ್ನು ನಾನು ಒಂದು ದಿನವೂ ಎಳೆದಿರಲಿಲ್ಲ. ಅದರಲ್ಲಿ ಒಂದು ಸಣ್ಣ ಕಮಾನು, ಕಮಾನಿನ ಕೆಳಗೆ ಒಂದು ಚುಕ್ಕಿ. ರೆಪ್ಪೆ ಇರುವ ಕಣ್ಣಿನಂತಿತ್ತು. "ಇದ್ನ್ ಸ್ವರದ್ ಮೇಲ್ ಇಟ್ರೆ, ಇಲ್ಲ್ ಹಾಡುವೋರಿಗ್ ಬೇಕಾದಷ್ಟ್ ಹೊತ್ತ್ ನಿಲ್ಲುಕಾತ್ತ್ ಅಂತ. ಎಣ್ಸುಕಿಲ್ಲ. ಪಿಯುಸಿಗ್ ಹೋದ್ಮೇಲ್ ನಾನೇ ಹುಡ್ಕ್ದೆ."

ಯಂತ್ರವನ್ನು ಎಷ್ಟು ಬೈದಿದ್ದೆ! ಹಾಡುವವರ ಇಷ್ಟಕ್ಕೆ ಬಿಡುವ ಗುರುತು ಅದರ ಹೊಟ್ಟೆಯಲ್ಲಿ ಮೊದಲಿನಿಂದಲೂ ಇತ್ತು. ಪುಕ್ಕಟೆಯಾಗಿಯೇ ಇತ್ತು. ತರಬೇತುದಾರ ಹೇಳಲಿಲ್ಲ, ನಿಜ; ನಾನು ಕೇಳಿದೆನೆ? ಗಮಕ ಎಲ್ಲಿದೆ, ಏಳು ಎಲ್ಲಿದೆ ಎಂದು ಅವನನ್ನು ಸೋಲಿಸಲು ಕೇಳಿದೆ. ಬೇಕಾದಾಗ ಕೇಳಲಿಲ್ಲ. ಒಂದು ಹೆಣ್ಣುಮಗಳ ದನಿ ಅಡಗಿಸುವುದು ನನಗೆ ಒಂದು ಪಟ್ಟಿ ಎಳೆದು ನೋಡುವುದಕ್ಕಿಂತ ಸುಲಭವಾಗಿ ಕಂಡಿತ್ತು.

ಇಬ್ಬರೂ ಕೂತು ಹೊಸ ಲಿಪಿ ಬರೆದೆವು. "ಚಟ್ಲಣ್ಣ" ಎಂಬುದರ ಕೊನೆಯ ಸ್ವರದ ಮೇಲೆ ಆ ಕಣ್ಣನ್ನು ಇಟ್ಟಳು. ಹೆಸರಿನ ಜಾಗದಲ್ಲಿ "ಸೀತು ಮತ್ತು ಜೊತೆಯವರು, ಕೋಡಿ" ಎಂದು ಬರೆದಳು. ಹಳೆಯದನ್ನು ಅಳಿಸೋಣವೆಂದರೆ ಅದು ಶಾಲೆಯ ಖಾತೆಯಲ್ಲಿತ್ತು, ಅದರ ಗುಪ್ತಪದ ಶಾಲೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಹಾಗಾಗಿ ಎರಡೂ ಇವೆ. ಹಳೆಯದನ್ನು ಶಾಲೆ ಶಾಲೆಗಳಲ್ಲಿ ನೋಡುತ್ತಿದ್ದಾರೆ. ಹೊಸದನ್ನು ನೋಡಿದವರು ಸದ್ಯಕ್ಕೆ ಇಬ್ಬರು, ಬರೆದವರೂ ಅವರೇ.

ಅಷ್ಟರಲ್ಲಿ ಸೀತಮ್ಮ ಜಗಲಿಯಿಂದ ಕರೆದರು. "ಹ್ವಾಯ್ ಟೀಚರೆ, ಆ ಮಿಷನ್ ಸಾಕ್, ಹೊರ್ಗ್ ಬನ್ನಿ." ಹೊರಗೆ ಹೋದೆ. ಅವರು ನೆರೆಮನೆಯ ಇಬ್ಬರು ಹೆಂಗಸರ ಜೊತೆ ಕಾಲು ಚಾಚಿ ಕೂತು ಚಟ್ಲಿ ಸುಲಿಯುತ್ತಿದ್ದರು. ನಡುವೆ ಒಂದು ದೊಡ್ಡ ಬೋಗುಣಿ. ನಾನೂ ಕೆಳಗೆ ಕೂತೆ.

"ಅಮ್ಮ, ಅಲ್ಲಿ ನಿಲ್ಲುದ್ ಎಂತಕ್ಕೆ? ಉಸ್ರಿಗಾ?"

"ಉಸ್ರ್ ಎಂತಕ್ಕೆ? ಶೆಡ್ಡ್ ತುಂಬ ಹೆಂಗ್ಸ್ರ್ ಇಪ್ಪುದಲ್ದಾ? ಯಾರ್ ಕೈ ಖಾಲಿ ಇತ್ತೋ, ಯಾರಿಗ್ ಬಾಯಿಗ್ ಬತ್ತೋ ಅವ್ರ್ ಮುಂದಿನ್ ಸಾಲ್ ಎತ್ತುದ್. ಅವ್ರ್ ಎತ್ತುವಲ್ಲಿವರಿಗೂ ಕಾಯ್ಕ್."

ಹಾಗೆಂದು ಅವರು ಸುಮ್ಮನೆ ಹಾಡಿದರು. "ಮೀಸಿ ಇತ್ತಲೆ ಚಟ್ಲಣ್ಣ…" ನಿಂತರು. ನನ್ನ ಬೆರಳು ತನ್ನಷ್ಟಕ್ಕೆ ತೊಡೆಯ ಮೇಲೆ ಎಣಿಸತೊಡಗಿತು. ಒಂದು, ಎರಡು, ಮೂರು. ಮೂವರೂ ನನ್ನ ಬೆರಳನ್ನೇ ನೋಡುತ್ತಿದ್ದರು.

"ಎಣ್ಸುದ್ ಬಿಡಿ ಟೀಚರೆ. ಸರ್ದಿ ನಿಮ್ದ್."

ಗಾಬರಿಯಾಯಿತು. ಬಾಯಿ ತೆರೆದೆ. ಬಂದದ್ದು "ಪಾ ಮ ಗ ರಿ." ಇಷ್ಟು ವರ್ಷ ಪಾಠ ಮಾಡಿದ ಬಾಯಿ, ಅದಕ್ಕೆ ಬೇರೆ ತಿಳಿಯದು. ಹೆಂಗಸರು ನಕ್ಕ ನಗೆ ಏನು ಹೇಳಲಿ, ಒಬ್ಬಾಕೆಯ ಕೈಯಿಂದ ಚಟ್ಲಿ ಹಾರಿ ನನ್ನ ಸೆರಗಿನ ಮೇಲೆ ಬಿತ್ತು. ಬಾಗಿಲಿಗೆ ಒರಗಿ ನಿಂತಿದ್ದ ಪ್ರತೀಕ್ಷಾ ಕೂಡ ನಕ್ಕಳು.

ನಗೆ ತಗ್ಗಿದ ಮೇಲೆ ಸೀತಮ್ಮ ನನ್ನನ್ನು ಓರೆಗಣ್ಣಿನಿಂದ ನೋಡಿ, ಹೊಸದೊಂದು ಸಾಲು ಎತ್ತಿದರು.

*ಪದ್ಕ ಇತ್ತಲೆ ಟೀಚ್ರಮ್ಮ…*

ನಿಂತರು. ಯಾರೂ ಮುಂದಿನ ಸಾಲು ಎತ್ತಲಿಲ್ಲ. ಎಷ್ಟೆಂದರೂ ಟೀಚರು, ಮನೆಗೆ ಬಂದವಳು. ಹೆಂಗಸರಿಬ್ಬರೂ ತಲೆ ತಗ್ಗಿಸಿ ಬೋಗುಣಿ ನೋಡಿದರು. ಪ್ರತೀಕ್ಷಾ ತುಟಿ ಕಚ್ಚಿಕೊಂಡಳು. ನಾನು ಎಣಿಸಲಿಲ್ಲ. ಎಷ್ಟು ಹೊತ್ತಾಯಿತೆಂದು ಕೇಳಬೇಡಿ. ಆಮೇಲೆ ಗಂಟಲು ಸರಿಮಾಡಿಕೊಂಡು, ಶ್ರುತಿ ಎಲ್ಲಿತ್ತೋ ಅಲ್ಲಿಂದ, ನಾನೇ ಹಾಡಿದೆ:

*ತಲಿ ಎಲ್ ಬಿಟ್ ಬಂದೆ?*